ಕೈಯಲ್ಲಿ ಏನೂ ಇಲ್ಲದಾಗ

ಎಪ್ಪತ್ತು ದಾಟಿದ, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತಳಾದ, ಸಂಜೆ ದೇವರಿಗೆ ದೀಪ ಹಚ್ಚದೆ ಕಾಫಿ ಲೋಟ ಮುಟ್ಟದ ಹೆಂಗಸೊಬ್ಬಳು ಪೋಕರ್ ಆಡುತ್ತಾಳೆ ಎಂದರೆ ಯಾರು ತಾನೇ ನಂಬುತ್ತಾರೆ? ನಮ್ಮ ಮಹಿಳಾ ಸಮಾಜದಲ್ಲಿ ಒಂದು ದಿನ ಬಾಯಿ ತಪ್ಪಿ ಹೇಳಿಬಿಟ್ಟೆ. "ಅಯ್ಯೋ ಮೇಡಂ, ನೀವು ಇಸ್ಪೀಟಾ?" ಎಂದು ಒಬ್ಬರು ಕೆನ್ನೆಗೆ ಕೈ ಹಚ್ಚಿದರು. ಇನ್ನೊಬ್ಬರು ಮೆಲ್ಲನೆ ಹತ್ತಿರ ಬಂದು, "ಅದರಲ್ಲಿ ಬ್ಲಫ್ ಅಂತ ಏನೋ ಇರುತ್ತಂತಲ್ಲ, ಅದು ಹೇಗೆ ಮಾಡೋದು?" ಎಂದು ಕೇಳಿದರು.

ನನಗೆ ನಗು ಬಂತು. ಅವರಿಗೆ ನಾನೇನು ಹೇಳಿಕೊಡಲಿ? ಹಿಂದಿನ ವಾರವಷ್ಟೇ ಅವರ ಜೊತೆ ಸೀರೆ ಅಂಗಡಿಗೆ ಹೋಗಿದ್ದೆ. ಹೊಟ್ಟೆಯೊಳಗೆ ಆ ಸೀರೆ ಬೇಕೇ ಬೇಕು ಅಂತ ಇದ್ದರೂ ಮುಖದಲ್ಲಿ ಒಂದಿಷ್ಟೂ ತೋರಿಸದೆ, "ಪಕ್ಕದ ಅಂಗಡೀಲಿ ಇನ್ನೂರು ಕಮ್ಮಿಗೆ ಕೊಡ್ತಾನೆ, ಬನ್ನಿ ಹೋಗೋಣ" ಎಂದು ಎದ್ದು ಚಪ್ಪಲಿ ಮೆಟ್ಟಿಕೊಂಡವರು ಅವರೇ. ಪಕ್ಕದ ಅಂಗಡಿ ಪಾತ್ರೆ ಅಂಗಡಿ! ಮೂರನೆಯ ಹೆಜ್ಜೆಗೆ ಅಂಗಡಿಯವನು "ಬನ್ನಿ ಅಮ್ಮಾ, ಬನ್ನಿ" ಎಂದು ಕರೆದ. ಕೈಯಲ್ಲಿ ಏನೂ ಇಲ್ಲದೆ ಎಲ್ಲ ಇದ್ದವರ ಹಾಗೆ ನಡೆದುಕೊಳ್ಳುವುದೇ ಬ್ಲಫ್. ಮಾಡುವುದು ಹೇಗೆ ಎನ್ನುವುದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಯಾವಾಗ ಮಾಡಬೇಕು, ಯಾವಾಗ ಮಾಡಬಾರದು ಎನ್ನುವುದು ಮಾತ್ರ ಬೇರೆ ವಿದ್ಯೆ. ಅದನ್ನು ಕಲಿಯಲು ನನಗೆ ಒಂದು ಜನ್ಮವೇ ಹಿಡಿಯಿತು.

ನಾನು ಹುಟ್ಟಿದ್ದು ಅರಸೀಕೆರೆ ಹತ್ತಿರದ ಹಳ್ಳಿಯಲ್ಲಿ. ನಮ್ಮ ಕಡೆ ಯುಗಾದಿ ಎಂದರೆ ಬೇವುಬೆಲ್ಲ ಎಷ್ಟು ಮುಖ್ಯವೋ ಇಸ್ಪೀಟೂ ಅಷ್ಟೇ ಮುಖ್ಯ. ಗಂಡಸರು ತೋಟದ ಮನೆಯಲ್ಲಿ ದುಡ್ಡು ಕಟ್ಟಿ ಆಡುತ್ತಿದ್ದರೆ, ನಡುಮನೆಯಲ್ಲಿ ಹೆಂಗಸರು ಹುಣಸೆಬೀಜ ಕಟ್ಟಿ ಮೂರೆಲೆ ಆಡುತ್ತಿದ್ದರು. ಆ ಆಟದಲ್ಲಿ ನಮ್ಮ ದೊಡ್ಡಮ್ಮನನ್ನು ಮೀರಿಸುವವರಿರಲಿಲ್ಲ. ಆಕೆಗೆ ಅಕ್ಷರ ಬರದು, ಆದರೆ ಎಲೆ ನೋಡದೆ 'ಬ್ಲೈಂಡ್' ಆಡುವುದರಲ್ಲಿ ಗಟ್ಟಿಗಿತ್ತಿ. ನೋಡದೆ ಆಡುವವರು ಒಂದು ಬೀಜ ಹಾಕಿದರೆ ನೋಡಿ ಆಡುವವರು ಎರಡು ಹಾಕಬೇಕು. ಮೂರೂ ಎಲೆ ನೆಲಕ್ಕೆ ಬೋರಲಾಗಿ ಬಿದ್ದಿರುತ್ತಿದ್ದವು. ದೊಡ್ಡಮ್ಮ ಎಲೆ ಅಡಿಕೆ ಜಗಿಯುತ್ತ ಒಂದೊಂದೇ ಬೀಜ ಮುಂದಕ್ಕೆ ತಳ್ಳುತ್ತ ನಮ್ಮ ಮುಖಗಳನ್ನು ನೋಡುತ್ತಿದ್ದಳು. ಕೈಯಲ್ಲಿ ರಾಜ, ರಾಣಿ ಇಟ್ಟುಕೊಂಡ ಸೊಸೆಯಂದಿರು ಬೆವತು, ಎಲೆ ಎಸೆದು ಏಳುತ್ತಿದ್ದರು. "ಎಲೆ ನೋಡಿ ಏನಾಗ್ಬೇಕು? ನಿಮ್ಮ ಮೋರೆ ನೋಡಿದ್ರೆ ಸಾಲದಾ?" ಎನ್ನುತ್ತಿದ್ದಳು.

ಇದನ್ನು ಬರೀ ಹಳ್ಳಿಯ ತಮಾಷೆ ಅಂದುಕೊಂಡಿದ್ದೆ. 2007ರಲ್ಲಿ ನಾರ್ವೆ ದೇಶದ ಆನೆಟ್ ಓಬ್ರೆಸ್ಟಾಡ್ ಎಂಬ ಹುಡುಗಿ ಕಂಪ್ಯೂಟರಿನಲ್ಲಿ 180 ಜನರ ಪೋಕರ್ ಪಂದ್ಯವೊಂದನ್ನು ಹೆಚ್ಚುಕಡಿಮೆ ತನ್ನ ಎಲೆಗಳನ್ನು ನೋಡದೆಯೇ ಗೆದ್ದಳಂತೆ. ಇಡೀ ಪಂದ್ಯದಲ್ಲಿ ಆಕೆ ತನ್ನ ಎಲೆ ಇಣುಕಿ ನೋಡಿದ್ದು ಒಂದೇ ಸಲ. ಅದೇ ವರ್ಷ ಲಂಡನ್ನಿನಲ್ಲಿ ಯುರೋಪಿನ ದೊಡ್ಡ ಪಂದ್ಯವನ್ನೂ ಗೆದ್ದಳು. ಆಗ ಅವಳಿಗೆ 19 ತುಂಬಲು ಒಂದು ದಿನ ಬಾಕಿ. ಅಳಿಯ ಈ ಕಥೆ ಹೇಳಿದಾಗ ನನಗೆ ದೊಡ್ಡಮ್ಮನ ಎಲೆ ಅಡಿಕೆಯ ಬಾಯಿ ಕಣ್ಣಿಗೆ ಕಟ್ಟಿತು.

ಹೌದು, ನನಗೆ ಪೋಕರ್ ಕಲಿಸಿದವನು ನನ್ನ ಅಳಿಯ. 2019ರ ಚಳಿಗಾಲದಲ್ಲಿ, ಅಮೆರಿಕದ ನ್ಯೂಜೆರ್ಸಿಯಲ್ಲಿ, ಅವರ ಅಡುಗೆಮನೆಯ ಮೇಜಿನ ಮೇಲೆ. ಹೊರಗೆ ಹಿಮ ಬೀಳುತ್ತಿತ್ತು, ಮೊಮ್ಮಗು ಮಲಗಿತ್ತು. ಮೂರು ತಿಂಗಳು ಮನೆಯಲ್ಲಿ ಕೂತು ಎಷ್ಟು ಅಂತ ಟಿ.ವಿ. ನೋಡುವುದು? ಅವನು ಬಣ್ಣಬಣ್ಣದ ಬಿಲ್ಲೆಗಳ ಪೆಟ್ಟಿಗೆ ತಂದಿಟ್ಟ. ಅದರಲ್ಲಿ ದುಡ್ಡಿನ ಮಾತಿಲ್ಲ, ಬಿಲ್ಲೆಗಳಷ್ಟೇ. ದುಡ್ಡಿನ ಆಟದ ಮೇಲೆ ನನಗೆ ಯಾವ ವ್ಯಾಮೋಹವೂ ಇಲ್ಲ. ನಮ್ಮೂರಿನಲ್ಲೇ ಯುಗಾದಿಯ ಒಂದು ರಾತ್ರಿಗೆ ತೆಂಗಿನ ತೋಟ ಕಳೆದುಕೊಂಡವರನ್ನು ಕಂಡಿದ್ದೇನೆ. ಆಮೇಲೆ ಅದೇ ಪಿಡುಗು ಮೊಬೈಲ್ ಫೋನಿಗೆ ಬಂದು ಎಷ್ಟು ಮನೆ ಹಾಳಾದವು ಎಂದು ನಿಮಗೇ ಗೊತ್ತು. 2025ರ ಆಗಸ್ಟಿನಲ್ಲಿ ನಮ್ಮ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ತಂದಾಗ ನಾನು ಸಂತೋಷಪಟ್ಟೆ. ನಾನು ಹೇಳುತ್ತಿರುವುದು ಹುಣಸೆಬೀಜದ ಆಟದ ಮಾತು.

ಆಟ ಬಹಳ ಸರಳ. ಎಲ್ಲರಿಗೂ ಎರಡೆರಡು ಎಲೆ ಮುಚ್ಚಿ ಕೊಡುತ್ತಾರೆ. ಮೇಜಿನ ನಡುವೆ ಮೊದಲು ಮೂರು, ಆಮೇಲೆ ಒಂದು, ಕೊನೆಗೊಂದು, ಹೀಗೆ ಐದು ಎಲೆ ಬಿಚ್ಚಿಡುತ್ತಾರೆ. ಆ ಐದು ಎಲ್ಲರಿಗೂ ಸೇರಿದ್ದು. ನಮ್ಮ ಎರಡು, ಮೇಜಿನ ಐದು, ಒಟ್ಟು ಏಳರಲ್ಲಿ ಒಳ್ಳೆಯ ಐದನ್ನು ಜೋಡಿಸಿಕೊಳ್ಳಬೇಕು. ನಡುನಡುವೆ ಒಬ್ಬರು ಬಿಲ್ಲೆ ಕಟ್ಟಿದರೆ ಉಳಿದವರು ಅಷ್ಟೇ ಕಟ್ಟಬೇಕು, ಇಲ್ಲ ಏರಿಸಬೇಕು, ಇಲ್ಲ ಎಲೆ ಮಗುಚಿ ಬಿಟ್ಟುಬಿಡಬೇಕು. ಎಲ್ಲರೂ ಬಿಟ್ಟರೆ ಕೊನೆಗೆ ಉಳಿದವರು ಎಲೆ ತೋರಿಸದೆಯೇ ಗೆದ್ದ ಹಾಗೆ. ಬ್ಲಫ್ ಇರುವುದೇ ಈ ಸಂದಿಯಲ್ಲಿ.

ಲೆಕ್ಕದ ಮೇಡಂ ಅಲ್ಲವೇ, ನನಗೆ ಮೊದಲು ಹಿಡಿಸಿದ್ದು ಅದರ ಲೆಕ್ಕ. 52 ಎಲೆಗಳಿಂದ ಐದೈದರಂತೆ 25,98,960 ಬಗೆಯ ಕೈ ಮಾಡಬಹುದು. ಅದರಲ್ಲಿ ಅರ್ಧಕ್ಕೆ ಅರ್ಧ ಒಂದು ಜೋಡಿಯೂ ಇಲ್ಲದ ಬರಿಗೈ! ದೇವರು ಹಂಚುವುದೂ ಹೆಚ್ಚುಕಡಿಮೆ ಹೀಗೆಯೇ ಇರಬೇಕು. ಬ್ಲಫ್ಫಿಗೂ ಲೆಕ್ಕವುಂಟು. ನಡುವೆ ನೂರು ಬಿಲ್ಲೆ ಇದ್ದು ನಾನು ಐವತ್ತು ಕಟ್ಟಿ ಹೆದರಿಸಿದರೆ, ಮೂರು ಸಲಕ್ಕೆ ಒಂದು ಸಲ ಎದುರಿನವರು ಬಿಟ್ಟರೂ ನನಗೆ ನಷ್ಟವಿಲ್ಲ. ನೂರಕ್ಕೆ ನೂರು ಕಟ್ಟಿದರೆ ಎರಡಕ್ಕೆ ಒಂದು ಸಲ ಬಿಡಬೇಕು. ಬೆದರಿಕೆ ದೊಡ್ಡದಾದಷ್ಟೂ ಅದು ಹೆಚ್ಚು ಸಲ ಫಲಿಸಬೇಕಾಗುತ್ತದೆ. ಈ ಒಂದು ಸಾಲನ್ನು ನನಗೆ ಯಾರಾದರೂ 2011ರಲ್ಲೇ ಹೇಳಿದ್ದರೆ ಚೆನ್ನಾಗಿತ್ತು.

ಇನ್ನೊಂದು ಮಾತು ನನ್ನನ್ನು ಬೆರಗುಗೊಳಿಸಿತು. ಜಾನ್ ಫಾನ್ ನಾಯ್ಮನ್ ಎಂಬ ದೊಡ್ಡ ಗಣಿತಜ್ಞರು ಅರ್ಥಶಾಸ್ತ್ರಜ್ಞ ಆಸ್ಕರ್ ಮಾರ್ಗೆನ್‌ಸ್ಟರ್ನ್ ಅವರೊಂದಿಗೆ 1944ರಲ್ಲಿ ಆಟಗಳ ಗಣಿತದ ಬಗ್ಗೆ ಬರೆದ ಪುಸ್ತಕದಲ್ಲಿ ಪೋಕರ್‌ನ ಬ್ಲಫ್ಫಿಗೇ ಲೆಕ್ಕ ಹಾಕಿದ್ದಾರೆ. ಬ್ಲಫ್ ಮಾಡಬೇಕಾದದ್ದು ತೀರಾ ಕೆಟ್ಟ ಎಲೆ ಬಂದಾಗ, ಮಧ್ಯಮದ ಎಲೆ ಬಂದಾಗ ಅಲ್ಲ ಎಂದು ಆ ಲೆಕ್ಕ ಹೇಳುತ್ತದೆ. ಏಕೆಂದರೆ ಮಧ್ಯಮದ ಎಲೆಗೆ ತನ್ನದೇ ಆದ ಬೆಲೆ ಇದೆ. ಸುಮ್ಮನೆ ಕೂತರೂ ಅದು ಗೆಲ್ಲಬಹುದು. ಅದನ್ನಿಟ್ಟುಕೊಂಡು ಆರ್ಭಟಿಸಿದರೆ, ಅದಕ್ಕಿಂತ ಕೆಳಗಿನವರೆಲ್ಲ ಓಡಿಹೋಗಿ ಅದನ್ನು ಸೋಲಿಸಬಲ್ಲವರು ಮಾತ್ರ ಎದುರಿಗೆ ಉಳಿಯುತ್ತಾರೆ. ಏನೂ ಇಲ್ಲದವರು ಧೈರ್ಯ ಮಾಡಬಹುದು, ಅಷ್ಟಿಷ್ಟು ಇದ್ದವರು ತಾಳ್ಮೆಯಿಂದಿರಬೇಕು. ಗಣಿತದಲ್ಲಿ ಇಷ್ಟು ಬಾಳಿನ ಮಾತು ಇರುತ್ತದೆ ಎಂದು ನಾನು ಮೂವತ್ತು ವರ್ಷ ಪಾಠ ಹೇಳಿದರೂ ಗೊತ್ತಾಗಿರಲಿಲ್ಲ.

ನಮ್ಮಮ್ಮನಿಗೆ ಮಾತ್ರ ಇದು ಗೊತ್ತಿತ್ತು.

1978. ನನ್ನ ಮದುವೆಯ ಮಾತುಕತೆ. ಹುಡುಗನ ಕಡೆಯವರು ಒಪ್ಪಿ, ಲಗ್ನಪತ್ರಿಕೆ ಬರೆಸುವ ದಿನ ಬಂದಾಗ ಹುಡುಗನ ಸೋದರಮಾವ ಗಂಟಲು ಸರಿಮಾಡಿಕೊಂಡು, "ಹುಡುಗನಿಗೆ ಒಂದು ಸ್ಕೂಟರ್ ಆದ್ರೆ ಅನುಕೂಲ" ಎಂದರು. ಅಪ್ಪ ತಲೆ ತಗ್ಗಿಸಿದರು. ಮನೆಯಲ್ಲಿ ಆಗ ಸೈಕಲ್ಲಿಗೂ ಗತಿಯಿರಲಿಲ್ಲ. ಅಮ್ಮ ಅಡುಗೆಮನೆಯಿಂದ ಕಾಫಿ ತಟ್ಟೆ ಹಿಡಿದು ಬಂದಳು. ಎಲ್ಲರಿಗೂ ಲೋಟ ಕೊಟ್ಟು, ಸೆರಗು ಸರಿಮಾಡಿಕೊಂಡು, ಬಹಳ ವಿನಯದಿಂದ ಹೇಳಿದಳು: "ನಿಮಗೆ ಅನುಕೂಲ ಆಗೋ ಕಡೆ ಮಾಡ್ಕೊಳಿ ಅಣ್ಣಾ, ನಾವು ಬೇಜಾರು ಮಾಡ್ಕೊಳಲ್ಲ. ತಿಪಟೂರಿನವರಿಗೂ ಭಾನುವಾರದೊಳಗೆ ಒಂದು ಮಾತು ಹೇಳ್ಬೇಕು ಅಂತಿದ್ವಿ."

ತಿಪಟೂರಿನವರು ಎರಡು ತಿಂಗಳ ಹಿಂದೆ ಬಂದು ನನ್ನನ್ನು ನೋಡಿಹೋಗಿದ್ದು ಊರಿಗೆಲ್ಲ ಗೊತ್ತಿತ್ತು. ಅವರು 'ಹುಡುಗಿ ಬಣ್ಣ ಸಾಲದು' ಎಂದು ಬರೆದ ಕಾರ್ಡು ಸಾಸಿವೆ ಡಬ್ಬಿಯ ಕೆಳಗೆ ಇದ್ದದ್ದು ಅಮ್ಮನಿಗೂ ನನಗೂ ಮಾತ್ರ ಗೊತ್ತಿತ್ತು. ಸೋದರಮಾವ ಅಪ್ಪನ ಮುಖ ನೋಡಿದರು. ಅಪ್ಪನಿಗೂ ಆ ಕಾರ್ಡಿನ ಸುದ್ದಿ ಗೊತ್ತಿಲ್ಲದ್ದರಿಂದ ಅವರ ಮುಖದಲ್ಲಿ ಏನೂ ಸಿಗಲಿಲ್ಲ. ಕಾಫಿ ಆರುವುದರೊಳಗೆ ಸ್ಕೂಟರಿನ ಮಾತು ಬಿದ್ದುಹೋಯಿತು.

ಎಷ್ಟೋ ವರ್ಷದ ಮೇಲೆ ಅಮ್ಮನನ್ನು ಕೇಳಿದೆ, "ಅವರು ಹಾಗಾದ್ರೆ ಸರಿ ಅಂತ ಎದ್ದು ಹೋಗಿದ್ರೆ?" ಅಮ್ಮ ಹೂ ಕಟ್ಟುತ್ತಿದ್ದಳು. "ಹೋದ್ರೆ ಹೋಗ್ಲಿ ಅಂತ ಗಟ್ಟಿ ಮಾಡ್ಕೊಂಡೇ ಒಳಗಿಂದ ಬಂದಿದ್ದು. ನಿಂಗೆ ಬಿ.ಎಡ್. ಆಗಿತ್ತು, ಕೆಲಸ ಸಿಕ್ಕಿತ್ತು, ಇನ್ನೊಂದು ಸಂಬಂಧ ಬರ್ತಿತ್ತು. ಅಲ್ದೆ ಹುಡುಗನ ಕಣ್ಣು ನೋಡಿದ್ದೆ ನಾನು. ಅವರಿಗೆ ಸ್ಕೂಟರ್ ಬಿಡಕ್ಕಾಗುತ್ತೆ, ನಿನ್ನ ಬಿಡಕ್ಕಾಗಲ್ಲ ಅನ್ನಿಸ್ತು" ಎಂದಳು.

ಪೋಕರ್ ಬಲ್ಲವರು ಹೇಳುವುದೆಲ್ಲ ಈ ಮಾತಿನಲ್ಲಿದೆ ನೋಡಿ. ನಿನ್ನ ಸುಳ್ಳು ಮೇಜಿನ ಮೇಲೆ ಬಿಚ್ಚಿಟ್ಟ ಎಲೆಗಳಿಗೆ ಹೊಂದಬೇಕು. ತಿಪಟೂರಿನವರು ಬಂದದ್ದು ಎಲ್ಲರೂ ಕಂಡ ಎಲೆ. ಎದುರಿನವರಿಗೆ ಬಿಟ್ಟುಬಿಡುವ ದಾರಿ ಇರಬೇಕು. ಸ್ಕೂಟರ್ ಬಿಡುವುದು ಅವರಿಗೆ ಕಷ್ಟವಾಗಲಿಲ್ಲ. ಮತ್ತು ಸೋತರೆ ತಡೆದುಕೊಳ್ಳುವಷ್ಟನ್ನೇ ಕಟ್ಟಬೇಕು, ಅಮ್ಮ ತಡೆದುಕೊಳ್ಳುತ್ತಿದ್ದಳು.

2003ರಲ್ಲಿ ಲಾಸ್ ವೇಗಸ್‌ನಲ್ಲಿ ನಡೆದ ದೊಡ್ಡ ಪಂದ್ಯದ ವಿಡಿಯೋವನ್ನು ಅಳಿಯ ನನಗೆ ತೋರಿಸಿದ. ಕ್ರಿಸ್ ಮನಿಮೇಕರ್ ಎಂಬ ಲೆಕ್ಕಪತ್ರದ ಗುಮಾಸ್ತೆ, 86 ಡಾಲರ್ ಕಟ್ಟಿ ಕಂಪ್ಯೂಟರಿನಲ್ಲಿ ಆಡಿ ಪ್ರವೇಶ ಗಿಟ್ಟಿಸಿಕೊಂಡವರು, 839 ಜನರ ಪಂದ್ಯದಲ್ಲಿ ಕೊನೆಯ ಇಬ್ಬರಲ್ಲಿ ಒಬ್ಬರಾಗಿ ಉಳಿದಿದ್ದರು. ಎದುರಿಗೆ ಸ್ಯಾಮ್ ಫರ್ಹಾ ಎಂಬ ಪಳಗಿದ ಆಟಗಾರ. ಮನಿಮೇಕರ್ ಕೈಯಲ್ಲಿ ರಾಜ ಮತ್ತು ಏಳು. ಮೇಜಿನ ಎಲೆಗಳೊಡನೆ ಏನೂ ಕೂಡಲಿಲ್ಲ. ಫರ್ಹಾ ಹತ್ತಿರ ಒಂಬತ್ತರ ಜೋಡಿ. ಮನಿಮೇಕರ್ ತನ್ನೆಲ್ಲ ಬಿಲ್ಲೆಗಳನ್ನೂ ಕಟ್ಟಿ ಕಲ್ಲಿನಂತೆ ಕೂತರು. ಫರ್ಹಾ ಬಹಳ ಹೊತ್ತು ಯೋಚಿಸಿ ಎಲೆ ಬಿಟ್ಟರು. ಒಪ್ಪಿ ಸೋತಿದ್ದರೆ ಅವರ ಆಟ ಅಲ್ಲಿಗೇ ಮುಗಿಯುತ್ತಿತ್ತು. ಬಿಟ್ಟರೆ ಮುಂದೆ ಆಡಲು ಬಿಲ್ಲೆ ಉಳಿಯುತ್ತಿತ್ತು. ಬಿಡುವುದಕ್ಕೆ ದಾರಿ ಇತ್ತು, ಬಿಟ್ಟರು. ಆಮೇಲೆ ಪಂದ್ಯ ಮನಿಮೇಕರ್ ಪಾಲಾಯಿತು, 25 ಲಕ್ಷ ಡಾಲರ್ ಬಹುಮಾನ. ಎಲ್ಲರೂ ಅವರ ಧೈರ್ಯವನ್ನು ಹೊಗಳುತ್ತಾರೆ. ನಾನು ಫರ್ಹಾ ಅವರ ಮುಖವನ್ನೇ ನೋಡುತ್ತಿದ್ದೆ. ಬಿಡಬಲ್ಲವರು ಎದುರಿಗಿದ್ದರೆ ಮಾತ್ರ ಬ್ಲಫ್ ಗೆಲ್ಲುತ್ತದೆ.

ಈಗ ನನ್ನ ಬ್ಲಫ್ಫಿನ ಕಥೆ ಹೇಳಬೇಕು. ಇಷ್ಟು ಹೊತ್ತು ಊರ ಕಥೆಯೆಲ್ಲ ಹೇಳಿದ್ದು ಇದನ್ನು ಮುಂದೂಡಲಿಕ್ಕೇ ಎಂದು ನಿಮಗೆ ಗೊತ್ತಾಗಿರಬಹುದು.

2011. ನಮಗಿರುವುದು ಒಬ್ಬಳೇ ಮಗಳು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದವಳು ಒಂದು ಶನಿವಾರ ಹಾಸನಕ್ಕೆ ಬಂದು, ತನ್ನ ಜೊತೆ ಕೆಲಸ ಮಾಡುವ ಮಲಯಾಳಿ ಹುಡುಗನನ್ನು ಮದುವೆಯಾಗುತ್ತೇನೆ ಎಂದಳು. ನಮ್ಮ ಜಾತಿಯಲ್ಲ, ನಮ್ಮ ಭಾಷೆಯಲ್ಲ. ನಾನು ಅತ್ತೆ, ಕೂಗಾಡಿದೆ, ಊಟ ಬಿಟ್ಟೆ. ಭಾನುವಾರ ಮಧ್ಯಾಹ್ನ ಅವಳು ಬ್ಯಾಗು ಹೆಗಲಿಗೇರಿಸಿ ಹೊರಟಳು. ಅವಳ ಕೈ ನಡುಗುತ್ತಿತ್ತು. ಬ್ಯಾಗಿನ ಪಟ್ಟಿ ಹಿಡಿದ ಬೆರಳುಗಳು ನಡುಗುವುದನ್ನು ನಾನು ಕಣ್ಣಾರೆ ಕಂಡೆ. ಹೆದರಿದ್ದಾಳೆ, ಇನ್ನೊಂದು ಮಾತು ಗಟ್ಟಿಯಾಗಿ ಆಡಿದರೆ ಸೋಲುತ್ತಾಳೆ ಅಂದುಕೊಂಡೆ. "ಅವನ್ನ ಮದುವೆಯಾಗೋ ಹಾಗಿದ್ರೆ ಈ ಹೊಸ್ತಿಲು ಮತ್ತೆ ತುಳೀಬೇಡ. ನಂಗೆ ಮಗಳೇ ಹುಟ್ಟಿರ್ಲಿಲ್ಲ ಅಂದ್ಕೋತೀನಿ" ಎಂದೆ.

ಸುಳ್ಳು. ಆ ಮಾತಿನಲ್ಲಿ ಒಂದಕ್ಷರವೂ ನಿಜವಿರಲಿಲ್ಲ. ಅವಳಿಲ್ಲದೆ ನಾನು ಒಂದು ದಿನವೂ ಇರಲಾರೆ ಎನ್ನುವುದು ಬಾಗಿಲ ಹತ್ತಿರ ಚಪ್ಪಲಿ ಕಾಲಿನಲ್ಲಿ ನಿಂತಿದ್ದ ನನ್ನ ಗಂಡನಿಗೂ ಗೊತ್ತಿತ್ತು. ನನ್ನ ಕೈ ಬರಿಗೈಯೂ ಆಗಿರಲಿಲ್ಲ, ಮಧ್ಯಮದ ಕೈ. ಅವಳಿಗೆ ನನ್ನ ಮೇಲೆ ಪ್ರೀತಿ ಇತ್ತು, ಗೌರವ ಇತ್ತು. ಸುಮ್ಮನೆ ಕೂತು ನಾಲ್ಕು ದಿನ ಕಾದಿದ್ದರೆ ಅದಕ್ಕೊಂದು ಬೆಲೆ ಬರುತ್ತಿತ್ತು. ನಾನು ಇದ್ದದ್ದನ್ನೆಲ್ಲ ಒಟ್ಟಿಗೇ ನಡುವೆ ತಳ್ಳಿದೆ. ಅವಳು ಒಂದು ಕ್ಷಣ ನಿಂತು ನನ್ನ ಮುಖ ನೋಡಿದಳು. ಆಮೇಲೆ ಹೊಸ್ತಿಲು ದಾಟಿ ಹೋದಳು. ಅವಳ ಅಪ್ಪ ಬಸ್ ಸ್ಟ್ಯಾಂಡಿನವರೆಗೂ ಜೊತೆಗೆ ಹೋದರು.

"ನೀನು ಹೇಳಿದ್ದು ನಿಜ ಅಲ್ಲ ಅಂತ ಅವಳಿಗೊಂದು ಫೋನ್ ಮಾಡು" ಎಂದು ಇವರು ಎಷ್ಟು ಸಲ ಹೇಳಿದರೋ. ಬ್ಲಫ್ ಮಾಡಿದವರಿಗೆ ಒಂದು ರೋಗವಿದೆ: ಸೋತೆ ಎಂದು ಗೊತ್ತಾದ ಮೇಲೂ ಮತ್ತಷ್ಟು ಕಟ್ಟುತ್ತಾ ಹೋಗುವುದು. ನಾನು ಮದುವೆಗೆ ಹೋಗಲಿಲ್ಲ. ಅವರು ಅಮೆರಿಕಕ್ಕೆ ಹೋದಾಗ ವಿಮಾನ ನಿಲ್ದಾಣಕ್ಕೆ ಹೋಗಲಿಲ್ಲ. ಇವರು ಸಂಜೆ ವಾಕಿಂಗ್ ಹೋದಾಗ ಮಗಳ ಜೊತೆ ಫೋನಿನಲ್ಲಿ ಮಾತಾಡುತ್ತಾರೆ ಎಂದು ಗೊತ್ತಿತ್ತು, ಗೊತ್ತಿಲ್ಲದವಳ ಹಾಗಿದ್ದೆ. 2014ರಲ್ಲಿ ಇವರಿಗೆ ಹೃದಯಾಘಾತವಾಯಿತು. ಮಗಳು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹದಿಮೂರು ದಿನ ಮನೆಯಲ್ಲಿದ್ದಳು. ಆ ಹದಿಮೂರು ದಿನ ನಾವಿಬ್ಬರೂ ಆಡಿದ ಮಾತು ಎಂದರೆ ಇವತ್ತು ಊಟಕ್ಕೆ ಎಷ್ಟು ಜನ, ಎಷ್ಟು ಅಕ್ಕಿ ಹಾಕಬೇಕು, ಅಷ್ಟೇ. ನಾನು ಕಟ್ಟಿ ಕಳೆದುಕೊಂಡದ್ದು ನನ್ನದು ಮಾತ್ರ ಆಗಿರಲಿಲ್ಲ. ಮಗಳ ಮುಖ ನೋಡಬಹುದಾಗಿದ್ದ ಇವರ ಮೂರು ವರ್ಷಗಳನ್ನೂ ನಾನೇ ಕಟ್ಟಿದ್ದೆ.

ಮರುವರ್ಷ ಮಗು ಹುಟ್ಟಿದಾಗ ಅಳಿಯನೇ ಫೋನ್ ಮಾಡಿದ. ತಡವರಿಸುವ ಕನ್ನಡದಲ್ಲಿ, "ಅಮ್ಮ, ಮಗು ನಿಮ್ಮ ಹಾಗೆ ಇದೆ" ಎಂದ. ಅದು ಬ್ಲಫ್. ಮಗು ಅವನ ಪಡಿಯಚ್ಚು! ಆದರೂ ಆ ಸುಳ್ಳಿಗೆ ನಾನು ಸೋತೆ, ಸೋತು ಬದುಕಿದೆ. ಆಮೇಲೆ ಮಗಳೂ ನಾನೂ ವಾರಕ್ಕೊಮ್ಮೆ ಮಾತಾಡತೊಡಗಿದೆವು. ಹವೆ, ಅಡುಗೆ, ಮಗುವಿನ ಹಲ್ಲು. ಆ ಭಾನುವಾರದ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ನ್ಯೂಜೆರ್ಸಿಗೆ ಹೋಗಿ ಎರಡು ತಿಂಗಳಾದರೂ ಎತ್ತಲಿಲ್ಲ.

ಒಂದು ರಾತ್ರಿ ಮೂವರೂ ಆಡುತ್ತಿದ್ದೆವು. ಅಳಿಯ ಮೊದಲೇ ಎಲೆ ಬಿಟ್ಟ. ನನ್ನ ಕೈಯಲ್ಲಿ ಒಂದು ರಾಜ, ಒಂದು ರಾಣಿ. ಮೇಜಿನ ಮೇಲೆ ಎರಡು ಎಂಟು, ಒಂದು ರಾಣಿ, ಒಂದು ನಾಲ್ಕು, ಒಂದು ಎರಡು. ನನಗೆ ರಾಣಿಯ ಜೋಡಿ, ಎಂಟರ ಜೋಡಿ, ಒಳ್ಳೆಯ ಕೈಯೇ. ಮಗಳು ತನ್ನ ಬಿಲ್ಲೆಗಳನ್ನೆಲ್ಲ ಮುಂದಕ್ಕೆ ತಳ್ಳಿದಳು. ತಳ್ಳುವಾಗ ಅವಳ ಬೆರಳು ನಡುಗಿತು. ಒಂದು ಬಿಲ್ಲೆ ಉರುಳಿ ಕೆಳಗೆ ಬಿತ್ತು. ಹೆತ್ತವಳಿಗೆ ಗೊತ್ತಾಗುವುದಿಲ್ಲವೇ? ಸುಳ್ಳಾಡುತ್ತಿದ್ದಾಳೆ, ಅದಕ್ಕೇ ಹೆದರಿಕೆ ಅಂದುಕೊಂಡು ನಾನೂ ಇದ್ದದ್ದನ್ನೆಲ್ಲ ಕಟ್ಟಿದೆ.

ಅವಳು ಎಲೆ ಬಿಚ್ಚಿದಳು. ಎರಡು ನಾಲ್ಕು. ಮೇಜಿನದೂ ಸೇರಿ ಮೂರು ನಾಲ್ಕು, ಎರಡು ಎಂಟು. ಫುಲ್ ಹೌಸ್.

ಅಳಿಯ ಜೋರಾಗಿ ನಕ್ಕ. "ಅಮ್ಮ, ಕೈ ನಡುಗಿದ್ರೆ ಜಾಗ್ರತೆ! ಸುಳ್ಳು ಆಡೋವ್ರು ಕಲ್ಲಿನ ಹಾಗೆ ಕೂತಿರ್ತಾರೆ. ಕೈ ನಡುಗೋದು ಹೆಚ್ಚಾಗಿ ನಿಜವಾದ ಎಲೆ ಬಂದವರಿಗೆ" ಎಂದ. ಮೈಕ್ ಕ್ಯಾರೊ ಎಂಬವರು 1984ರಲ್ಲಿ ಆಟಗಾರರ ಹಾವಭಾವಗಳ ಬಗ್ಗೆಯೇ ಒಂದು ಪುಸ್ತಕ ಬರೆದು ಇದನ್ನು ಹೇಳಿದ್ದಾರಂತೆ. 2019ರಲ್ಲಿ ಅಮೆರಿಕದ ವಿಜ್ಞಾನಿಗಳು ಮಾಡಿದ 'ಪ್ಲೂರಿಬಸ್' ಎಂಬ ಕಂಪ್ಯೂಟರ್ ದೊಡ್ಡ ದೊಡ್ಡ ಆಟಗಾರರನ್ನು ಸೋಲಿಸಿತ್ತು. ಅದಕ್ಕೆ ಬ್ಲಫ್ ಬರುತ್ತದೆ, ಆದರೆ ನಡುಗಲು ಕೈಯೇ ಇಲ್ಲ ಎಂದೂ ಏನೇನೋ ಹೇಳುತ್ತಿದ್ದ. ನನಗೆ ಕೇಳಿಸುತ್ತಿರಲಿಲ್ಲ. ಬ್ಯಾಗಿನ ಪಟ್ಟಿ ಹಿಡಿದಿದ್ದ ಆ ಬೆರಳುಗಳೇ ಕಣ್ಣ ಮುಂದೆ ಇದ್ದವು.

ಅವನು ನೀರು ಕುಡಿಯಲು ಎದ್ದಾಗ ನಾನು ಬಗ್ಗಿ, ಕೆಳಗೆ ಬಿದ್ದ ಬಿಲ್ಲೆ ಎತ್ತಿ ಅವಳ ಕೈಗಿಟ್ಟೆ.

"ಅವತ್ತು ನಂದು ಬರೀ ಬ್ಲಫ್ ಕಣೇ" ಎಂದೆ.

ಯಾವತ್ತು ಎಂದು ಅವಳು ಕೇಳಲಿಲ್ಲ. ಬಿಲ್ಲೆಗಳನ್ನು ಬಣ್ಣಬಣ್ಣ ಬೇರೆ ಮಾಡಿ ಜೋಡಿಸುತ್ತಾ, "ಗೊತ್ತಿತ್ತಮ್ಮ" ಎಂದಳು.

"ಗೊತ್ತಿದ್ದೂ ಹೋದ್ಯಾ?"

"ಹೂಂ. ನಂದು ಬ್ಲಫ್ ಆಗಿರ್ಲಿಲ್ವಲ್ಲ."

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಹೊರಗೆ ಹಿಮ ಬೀಳುತ್ತಲೇ ಇತ್ತು. ಆಮೇಲೆ ಅವಳು ಇಸ್ಪೀಟಿನ ಕಟ್ಟನ್ನು ನನ್ನ ಕಡೆ ಸರಿಸಿ, "ನಿನ್ನ ಸರದಿ, ಕಲಸು" ಎಂದಳು. ಕಲಸಲು ಕೈಗೆತ್ತಿಕೊಂಡೆ. ನನ್ನ ಕೈ ನಡುಗುತ್ತಿತ್ತು.